ಆಗಸ್ಟ್ ತಿಂಗಳ ಕುಲಾವಿ

2008ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ತಾನಾಡಿದ ನಾಲ್ಕೂ ಪ್ರೀ-ಸೀಸನ್ ಪಂದ್ಯಗಳನ್ನು ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಅಸಲಿ ಆಟ ಶುರುವಾಯಿತು. ಹದಿನಾರು ಪಂದ್ಯ, ಹದಿನಾರೂ ಸೋಲು. ಒಂಬತ್ತು ವರ್ಷದ ನಂತರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಇದನ್ನೇ ಚಾಚೂ ತಪ್ಪದೆ ಮಾಡಿ ತೋರಿಸಿತು: ಆಗಸ್ಟ್‌ನಲ್ಲಿ ನಾಲ್ಕಕ್ಕೆ ನಾಲ್ಕು, ಆಮೇಲೆ ಹದಿನಾರಕ್ಕೆ ಸೊನ್ನೆ. ಬಾಲ್ಟಿಮೋರ್ ರೇವನ್ಸ್ ಅಂತೂ ವರ್ಷದಿಂದ ವರ್ಷಕ್ಕೆ ಸತತ 24 ಪ್ರೀ-ಸೀಸನ್ ಪಂದ್ಯಗಳನ್ನು ಗೆದ್ದು, 2023ರಲ್ಲಿ ವಾಷಿಂಗ್ಟನ್ ವಿರುದ್ಧ ಒಂದೇ ಅಂಕದಿಂದ ಸೋತಿತು. ಆ ಅಷ್ಟೂ ವರ್ಷಗಳಲ್ಲಿ ಅದು ಒಮ್ಮೆಯೂ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಲಿಲ್ಲ.

ಹೀಗೆ ಅಮೆರಿಕದ ಫುಟ್‌ಬಾಲ್‌ನಲ್ಲಿ ಆಗಸ್ಟ್‌ನ ಫಲಿತಾಂಶಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಆದರೂ ಅಲ್ಲಿಯ ಸ್ಪೋರ್ಟ್ಸ್ ರೇಡಿಯೊವನ್ನು ವರ್ಷಕ್ಕೆ ಒಂದೇ ತಿಂಗಳು ಕೇಳಬಹುದು ಎಂದರೆ ನಾನು ಆರಿಸಿಕೊಳ್ಳುವುದು ಆಗಸ್ಟನ್ನೇ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಇದು ಮೆಸ್ಸಿಯ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಊರಿನ ಹೊಗಳಿಕೆ, ಬೈಗುಳ ಎರಡರಲ್ಲೂ ಸಿಂಹಪಾಲು ಅವನದು. ಇಷ್ಟು ಗೊತ್ತಿದ್ದರೆ ರೇಡಿಯೊ ಕೇಳಲು ಧಾರಾಳ ಸಾಕು.

ದಿನದ 24 ಗಂಟೆಯೂ ಬರೀ ಕ್ರೀಡೆಯನ್ನೇ ಮಾತಾಡುವ ಮೊದಲ ರೇಡಿಯೊ ಕೇಂದ್ರ ನ್ಯೂಯಾರ್ಕಿನ ಡಬ್ಲ್ಯುಎಫ್‌ಎಎನ್. ಶುರುವಾದದ್ದು 1987ರ ಜುಲೈ 1ರಂದು. ಈ ದುಸ್ಸಾಹಸ ಉಳಿಯುವುದಿಲ್ಲ ಎಂದವರೇ ಹೆಚ್ಚು. ಉಳಿಯಿತು, ಊರೂರಿಗೂ ಹಬ್ಬಿತು. ಆದರೆ ನನ್ನ ಕಿವಿ ನೆಟ್ಟಿರುವುದು ಪಕ್ಕದ ಫಿಲಡೆಲ್ಫಿಯಾದ ಡಬ್ಲ್ಯುಐಪಿ ಮೇಲೆ. 1922ರಲ್ಲಿ ಗಿಂಬೆಲ್ಸ್ ಎಂಬ ಬಟ್ಟೆಬರೆ, ಸಾಮಾನುಗಳ ದೊಡ್ಡ ಅಂಗಡಿಯವರು ಶುರು ಮಾಡಿದ ಕೇಂದ್ರ ಅದು. ಈಗ ಈಗಲ್ಸ್ ತಂಡದ ಅಭಿಮಾನಿಗಳು ದಿನಾ ಬೆಳಿಗ್ಗೆ ಜಗಳ ಆಡುವ ಕಟ್ಟೆ. ಅಲ್ಲಿಯ ಬೆಳಗಿನ ಆರು ಗಂಟೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ ಮೂರೂವರೆ. ಅವರು ಕಾರಿನಲ್ಲಿ ಕೆಲಸಕ್ಕೆ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುವಾಗ ನಾವು ಕಾಫಿ ಹಿಡಿದು ಆರಾಮವಾಗಿ ಕೇಳಬಹುದು.

ಕೇಳಬೇಕಾದದ್ದು ಏನನ್ನು? ಮೊದಲು ಫೋನ್ ಮಾಡುವವರನ್ನು. ಅವರಿಗೆ ಇರುವುದು ಒಂದು ಹೆಸರು, ಒಂದು ಬಡಾವಣೆ, ಅಷ್ಟೆ. ಕರೆ ಸ್ವೀಕರಿಸುವ ಹುಡುಗ ವಿಷಯ ಕೇಳಿಕೊಂಡು ನಿರೂಪಕರ ಪರದೆಗೆ ಒಂದು ಸಾಲು ಕಳಿಸುತ್ತಾನೆ. ಮುಂದಿನದೆಲ್ಲ ನಿರೂಪಕರ ಕೈಚಳಕ. “ಮೊದಲ ಸಲ ಫೋನ್ ಮಾಡ್ತಿದೀನಿ ಸರ್, ಎಷ್ಟೋ ವರ್ಷದಿಂದ ಕೇಳ್ತಿದೀನಿ” ಎಂಬ ಪೀಠಿಕೆ. ಬಳಿಕ ಲೈನ್‌ಬ್ಯಾಕರ್ ಎಂಬ ಮೀಸಲು ರಕ್ಷಣಾ ಆಟಗಾರನ ಮೊಣಕಾಲಿನ ಬಗ್ಗೆ ವೈದ್ಯರೂ ಕೊಡಲು ಅಂಜುವಷ್ಟು ಖಚಿತವಾದ ಅಭಿಪ್ರಾಯ. ಕೊನೆಗೆ “ಫೋನ್ ಇಟ್ಟು ರೇಡಿಯೊದಲ್ಲೇ ಕೇಳಿಸ್ಕೋತೀನಿ” ಎಂಬ ವಿನಯ. ಒಳ್ಳೆಯ ನಿರೂಪಕ ಕರೆ ಮಾಡಿದವನನ್ನು ಒಪ್ಪುವುದಿಲ್ಲ, ತಿದ್ದುವುದೂ ಇಲ್ಲ, ಕೆಣಕುತ್ತಾನೆ. ಜೊತೆಗಾರ ತಂಡವನ್ನು ಹೊಗಳಿದರೆ ತಾನು ತೆಗಳುತ್ತಾನೆ, ತನಗೆ ಹಾಗೆ ಅನ್ನಿಸದಿದ್ದರೂ. ಮಾತು ಒಂದು ಹದಕ್ಕೆ ಬಂದಿತೋ, ಜಾಹೀರಾತು.

ನವೆಂಬರ್‌ನಲ್ಲಿ ಈ ಕಲೆಗೆ ಕೆಲಸ ಕಡಿಮೆ. ಆಗ ಅಂಕಪಟ್ಟಿ ಎದುರಿಗಿರುತ್ತದೆ. ಸೋತವನನ್ನು ಬೈದರೆ ಗಂಟೆ ಕಳೆಯುತ್ತದೆ. ಆಗಸ್ಟ್‌ನಲ್ಲಿ ಕೈಯಲ್ಲಿ ಏನೂ ಇಲ್ಲ. ಅಭ್ಯಾಸದ ಕ್ಯಾಂಪ್‌ನಲ್ಲಿ ಒಬ್ಬ ಎಸೆದ ಹನ್ನೊಂದು ಚೆಂಡಿನಲ್ಲಿ ಎಷ್ಟು ಕೈಸೇರಿದವು ಎಂಬ ವರದಿಗಾರರ ಲೆಕ್ಕವನ್ನೇ ಹಿಡಿದು ನಾಲ್ಕು ತಾಸು ಬೆಳೆಸಬೇಕು. 90 ಆಟಗಾರರಲ್ಲಿ ಯಾವ 53 ಮಂದಿ ಉಳಿಯುತ್ತಾರೆ ಎಂಬ ಸಸ್ಪೆನ್ಸ್ ಒಂದಿರುತ್ತದೆ. ಎದುರಾಳಿಯ ಮೂರನೇ ದರ್ಜೆಯ ಆಟಗಾರರ ಮೇಲೆ ಮಿಂಚಿದ ಅನಾಮಿಕನೊಬ್ಬ ಹದಿನೈದು ದಿನ ಊರಿನ ಕಣ್ಮಣಿಯಾಗುತ್ತಾನೆ, ತಂಡದಿಂದ ಕೈಬಿಟ್ಟ ದಿನ ಅವನ ಪರವಾಗಿ ಇಪ್ಪತ್ತು ಕರೆ ಬರುತ್ತವೆ, ಮರುದಿನ ಮರೆತುಹೋಗುತ್ತಾನೆ. ಏನೂ ಇಲ್ಲದ ಕಡೆ ಇಷ್ಟೆಲ್ಲ ಹುಟ್ಟಿಸುವುದು ಸುಲಭವಲ್ಲ.

ಮಾತು ರೇಡಿಯೊದಿಂದಾಚೆ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1999ರ ಏಪ್ರಿಲ್ ಉದಾಹರಣೆ. ಈಗಲ್ಸ್‌ಗೆ ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೇ ಸರದಿ. ಟೆಕ್ಸಾಸ್‌ನ ಓಟಗಾರ ರಿಕಿ ವಿಲಿಯಮ್ಸ್ ಬೇಕೇ ಬೇಕು ಎಂದು ಊರೆಲ್ಲ ಕೂಗು. ಮೇಯರ್ ಎಡ್ ರೆಂಡೆಲ್ ಕೂಡ ಆ ಕೂಗಿಗೆ ದನಿಗೂಡಿಸಿದ್ದರು. ಡಬ್ಲ್ಯುಐಪಿಯ ಬೆಳಗಿನ ನಿರೂಪಕ ಆಂಜೆಲೊ ಕಟಾಲ್ಡಿ, ಹಿಂದೆ ಇನ್‌ಕ್ವೈರರ್ ಪತ್ರಿಕೆಯ ಕ್ರೀಡಾ ವರದಿಗಾರರಾಗಿದ್ದವರು, ಸುಮಾರು ಮೂವತ್ತು ಅಭಿಮಾನಿಗಳನ್ನು ಆಯ್ಕೆ ನಡೆಯುತ್ತಿದ್ದ ನ್ಯೂಯಾರ್ಕಿಗೆ ಕಳಿಸಿದರು. ತಂಡ ಆರಿಸಿದ್ದು ಕ್ವಾರ್ಟರ್‌ಬ್ಯಾಕ್ ಡೊನೊವನ್ ಮೆಕ್‌ನಾಬ್‌ನನ್ನು. ವೇದಿಕೆಗೆ ಬಂದ ಹುಡುಗನಿಗೆ ಟಿ.ವಿ. ಕ್ಯಾಮೆರಾಗಳ ಮುಂದೆ ತನ್ನೂರಿನವರದೇ ಧಿಕ್ಕಾರ. ಅದೇ ಮೆಕ್‌ನಾಬ್ ಮುಂದೆ ತಂಡವನ್ನು ಐದು ಸಲ ಸೂಪರ್ ಬೌಲ್‌ನ ಹಿಂದಿನ ಮೆಟ್ಟಿಲಾದ ಕಾನ್ಫರೆನ್ಸ್ ಫೈನಲ್‌ಗೆ, ಒಂದು ಸಲ ಸೂಪರ್ ಬೌಲ್‌ಗೆ ಕರೆದೊಯ್ದ. ನನಗೆ ಈ ಪ್ರಸಂಗ ಇಷ್ಟವಿಲ್ಲ. ಕಟ್ಟೆಯ ಮೇಲೆ ಕೂತು ಆಡುವ ಮಾತಿಗೆ ಒಂದು ಮರ್ಯಾದೆ ಇದೆ. ಮಾತನ್ನು ಬಸ್ ಹತ್ತಿಸಿ ಒಬ್ಬನ ಮುಖದೆದುರು ಒಯ್ದರೆ ಆ ಮರ್ಯಾದೆ ಹೋಗುತ್ತದೆ.

2011ರದು ಬೇರೆ ಬಗೆ. ಮಾಲೀಕರು-ಆಟಗಾರರ ಬಿಕ್ಕಟ್ಟು ಜುಲೈ ಕೊನೆಗೆ ಮುಗಿಯುತ್ತಿದ್ದಂತೆ ಈಗಲ್ಸ್ ಅಂಗಡಿಗೆ ನುಗ್ಗಿ ಕಂಡ ತಾರೆಯರನ್ನೆಲ್ಲ ಬಾಚಿಕೊಂಡಿತು. ಮೀಸಲು ಕ್ವಾರ್ಟರ್‌ಬ್ಯಾಕ್ ಆಗಿ ಬಂದ ವಿನ್ಸ್ ಯಂಗ್ ಇದೊಂದು ‘ಡ್ರೀಮ್ ಟೀಮ್’ ಎಂದುಬಿಟ್ಟ. ರೇಡಿಯೊಗೆ ತಿಂಗಳಿಗಾಗುವಷ್ಟು ಮೇವು! ಮೊದಲ ಐದು ಪಂದ್ಯದಲ್ಲಿ ನಾಲ್ಕು ಸೋಲು. ಸೀಸನ್ ಮುಗಿದಾಗ 8–8. ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿಗಳಲ್ಲಿ ಇಷ್ಟು ಜರಿಯಂಚಿನದು ಇನ್ನೊಂದಿಲ್ಲ.

ನನ್ನ ಮೆಚ್ಚಿನ ಆಗಸ್ಟ್ 2016ರದು. ಸ್ಯಾಮ್ ಬ್ರಾಡ್‌ಫರ್ಡ್ ಸಾಕೇ, ಹೊಸ ಹುಡುಗ ಕಾರ್ಸನ್ ವೆಂಟ್ಸ್ ಯಾವಾಗ ಎಂದು ತಿಂಗಳಿಡೀ ವಾದ. ವೆಂಟ್ಸ್ ಮೊದಲ ಪ್ರೀ-ಸೀಸನ್ ಪಂದ್ಯದಲ್ಲೇ ಪಕ್ಕೆಲುಬಿಗೆ ಪೆಟ್ಟು ಮಾಡಿಕೊಂಡು ಕೂತ. ಈ ವರ್ಷ ಅವನು ಆಡುವುದಿಲ್ಲ ಎಂಬುದು ತೀರ್ಮಾನವಾದಂತೆಯೇ. ಆಗಸ್ಟ್ 30ರಂದು ಸುಮಾರು ಸಾವಿರ ಮೈಲಿ ದೂರದ ಮಿನೆಸೋಟದಲ್ಲಿ ಅಭ್ಯಾಸದ ವೇಳೆ, ಯಾರೂ ತಾಗದೆಯೇ, ಅಲ್ಲಿಯ ತಂಡದ ಕ್ವಾರ್ಟರ್‌ಬ್ಯಾಕ್ ಟೆಡ್ಡಿ ಬ್ರಿಜ್‌ವಾಟರ್‌ನ ಮೊಣಕಾಲಿನ ಕೀಲು ತಪ್ಪಿತು. ಆ ತಂಡಕ್ಕೆ ತುರ್ತಾಗಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಬೇಕಾಯಿತು. ಸೆಪ್ಟೆಂಬರ್ 3ಕ್ಕೆ ಬ್ರಾಡ್‌ಫರ್ಡ್ ಅಲ್ಲಿಗೆ ವರ್ಗವಾದ. ಎಂಟು ದಿನ ಕಳೆದು ವೆಂಟ್ಸ್ ಮೈದಾನದಲ್ಲಿದ್ದ. ತಿಂಗಳು ಪೂರ್ತಿ ಮಾತಾಡಿದವರ ಪೈಕಿ ಒಬ್ಬರ ಬಾಯಲ್ಲೂ ಮಿನೆಸೋಟದ ಹೆಸರು ಬಂದಿರಲಾರದು. ಆದರೆ ಅವರು ಪೆಚ್ಚಾದರು ಎಂದುಕೊಳ್ಳಬೇಡಿ. ವೆಂಟ್ಸ್ ಮೊದಲ ಮೂರು ಪಂದ್ಯ ಗೆದ್ದದ್ದೇ ಸೂಪರ್ ಬೌಲ್ ಮೆರವಣಿಗೆ ಯಾವ ರಸ್ತೆಯಲ್ಲಿ ಎಂಬ ಚರ್ಚೆ. ಆ ವರ್ಷ ತಂಡ 7–9. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಹೇಳಿ ಕೊನೆಗೂ 2025ರ ಜೂನ್ 3ರ ರಾತ್ರಿ ಐಪಿಎಲ್ ಕಪ್ ಕಂಡ ಬೆಂಗಳೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಲ್ಸ್ ಕೂಡ 1960ರಲ್ಲಿ ಚಾಂಪಿಯನ್ ಆದಮೇಲೆ ಇನ್ನೊಂದಕ್ಕೆ 2018ರ ಫೆಬ್ರುವರಿಯವರೆಗೆ ಕಾದಿತ್ತು.

ಈಚೆಗೆ ಈ ರುಚಿಗೆ ಒಂದು ಕಹಿ ಸೇರಿದೆ. 2018ರ ಮೇ ತಿಂಗಳಲ್ಲಿ, ನ್ಯೂಜೆರ್ಸಿ ಸಲ್ಲಿಸಿದ ಮೇಲ್ಮನವಿಯಲ್ಲಿ, ಕ್ರೀಡಾ ಬೆಟ್ಟಿಂಗ್ ಮೇಲಿದ್ದ ಕೇಂದ್ರ ಸರ್ಕಾರದ ನಿರ್ಬಂಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಈಗ ಎರಡು ಕರೆಗಳ ನಡುವೆ ಬೆಟ್ಟಿಂಗ್ ಆ್ಯಪ್‌ನ ಜಾಹೀರಾತು. ತಂಡ ಎಷ್ಟು ಪಂದ್ಯ ಗೆದ್ದೀತು ಎಂಬುದಕ್ಕೆ ಬುಕ್ಕಿಗಳು ‘ಹತ್ತೂವರೆ’ ಎಂದು ಬೆಲೆ ಕಟ್ಟುತ್ತಾರೆ; ಮೇಲೋ ಕೆಳಗೋ ಅಷ್ಟೇ ಪ್ರಶ್ನೆ. ಎಲ್ಲ ಪಂದ್ಯವನ್ನೂ ಗೆಲ್ಲುತ್ತೇವೆ ಎನ್ನುವ ದಕ್ಷಿಣ ಫಿಲಡೆಲ್ಫಿಯಾದ ಅಣ್ಣನಿಗೆ ಹಿಂದೆ ಪಣಕ್ಕಿದ್ದದ್ದು ತನ್ನ ಮಾನ ಮಾತ್ರ. ಈಗ “ಹಾಗಾದ್ರೆ ದುಡ್ಡು ಕಟ್ಟಿದ್ದೀರಾ?” ಎಂಬ ಪ್ರಶ್ನೆ ಎದುರಾಗುತ್ತದೆ. ಅಲ್ಲಿಗೆ ಅರ್ಧ ಮಜಾ ಹೋಯಿತು.

ಇನ್ನರ್ಧಕ್ಕೆ 2017ರ ಕಥೆ ಒಂದೇ ಸಾಕು. ಸೀಸನ್ ಶುರುವಾಗುವ ಹೊತ್ತಿಗೆ, ಹಿಂದೆ ಕ್ಲೀವ್‌ಲ್ಯಾಂಡ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ವಿಶ್ಲೇಷಕ ಮೈಕ್ ಲೊಂಬಾರ್ಡಿ, ತಮ್ಮ ಮೂವತ್ತಕ್ಕೂ ಹೆಚ್ಚು ವರ್ಷದ ಅನುಭವದಲ್ಲಿ ಈಗಲ್ಸ್‌ನ ಡಗ್ ಪೆಡರ್ಸನ್‌ರಷ್ಟು ಅರ್ಹತೆ ಕಡಿಮೆ ಇರುವ ಕೋಚ್‌ನನ್ನು ಕಂಡಿಲ್ಲ ಎಂದು ಬರೆದರು. ಡಿಸೆಂಬರ್‌ನಲ್ಲಿ ವೆಂಟ್ಸ್ ಗಾಯಗೊಂಡ. ಮೀಸಲಿನ ನಿಕ್ ಫೋಲ್ಸ್‌ನನ್ನು ಇಟ್ಟುಕೊಂಡು ಪೆಡರ್ಸನ್ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 41–33ರಲ್ಲಿ ಸೋಲಿಸಿದರು. ವಿಜಯೋತ್ಸವದ ದಿನ ಸೆಂಟರ್ ಆಟಗಾರ ಜೇಸನ್ ಕೆಲ್ಸಿ, ಆ ಊರಿನ ಹೊಸವರ್ಷದ ಮಮ್ಮರ್ಸ್ ಮೆರವಣಿಗೆಯ ಥಳಥಳಿಸುವ ಉಡುಪು ತೊಟ್ಟು ಮೈಕ್ ಹಿಡಿದ. ಕೋಚ್‌ನಿಂದ ಹಿಡಿದು ಒಬ್ಬೊಬ್ಬ ಆಟಗಾರನ ಬಗ್ಗೆಯೂ ಯಾರ್ಯಾರು ಏನೇನು ಹೀಗಳೆದಿದ್ದರೋ ಅದನ್ನೆಲ್ಲ ಗಂಟಲು ಹರಿಯುವಂತೆ ಕೂಗಿ ಕೂಗಿ ಒಪ್ಪಿಸಿದ. ಪಟ್ಟಿ ಪೂರ್ತಿ ಬಾಯಿಪಾಠವಾಗಿತ್ತು.

ಅದೇ ಪೆಡರ್ಸನ್‌ರನ್ನು 2021ರ ಜನವರಿಯಲ್ಲಿ, ಬರೀ ನಾಲ್ಕು ಗೆಲುವಿನ ಸೀಸನ್ ಮುಗಿದ ಮೇಲೆ, ತಂಡ ಮನೆಗೆ ಕಳಿಸಿತು. ಲೊಂಬಾರ್ಡಿ ಅವತ್ತೇ ಹೇಳಿರಲಿಲ್ಲವೇ ಎಂದು ಮರುದಿನ ಬೆಳಿಗ್ಗೆ ಒಬ್ಬನಾದರೂ ಫೋನ್ ಮಾಡಿರುತ್ತಾನೆ. ಮೊದಲ ಸಲ ಮಾಡುವವನೇ ಇರಬೇಕು, ಬಹಳ ವರ್ಷದಿಂದ ಕೇಳುವವನು.