ಓಲೆಗರಿಯ ಬಿಂದುಗಣಿತ
ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ಶ್ರದ್ಧೆಯಿಂದ ರಕ್ಷಿತವಾಗಿ ಬಂದ, ಹಳಗನ್ನಡ ಲಿಪಿಯ ‘ಧವಲಾ’ ಎಂಬ ಜೈನ ಟೀಕಾಗ್ರಂಥದ ತಾಳೆಗರಿಗಳನ್ನು ಪೂಜಿಸುವವರು ಬಹುಮಂದಿ. ಅವುಗಳೊಳಗಿನ ಗಣಿತವನ್ನು ಆಸ್ವಾದಿಸುವವರು ವಿರಳ. ನನಗಾದರೋ ಆ ಗಣಿತವು ಸಾವಿರ ಕಂಬದ ಬಸದಿಯ ಶಿಲ್ಪದಷ್ಟೇ ಮನೋಹರ. ಒಂದು ಪರಮಾಣು ವ್ಯಾಪಿಸುವ, ಮತ್ತೆ ಒಡೆಯಲಾಗದ ತಾಣವೇ ‘ಪ್ರದೇಶ’ವೆಂದೂ ಆಕಾಶವು ಅಂತಹ ಪ್ರದೇಶಗಳಿಂದಾದುದೆಂದೂ ಸಾರುವ ಜೈನಸಿದ್ಧಾಂತವನ್ನು ಮನನಮಾಡಿದವನಿಗೆ, ರೇಖೆಯೆಂಬುದು ಪುಟ್ಟ ಚೌಕಗಳ ಸಾಲಾಗಿ, ವೃತ್ತದ ಅಂಚು ಸೋಪಾನಪಂಕ್ತಿಯಾಗಿ ತೋರುವ ಗಣಕಯಂತ್ರದ ಚಿತ್ರವು ಅಪರಿಚಿತವೆನಿಸದು. ಸಂಖ್ಯೆಯೊಂದನ್ನು ಎಷ್ಟು ಬಾರಿ ಅರ್ಧಿಸಬಹುದೆಂಬುದನ್ನು ಧವಲಾದ ಕರ್ತೃ ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಹೆಸರಿನಿಂದ ವಿವೇಚಿಸಿದ್ದಾರೆ: 256ರ ಅರ್ಧಚ್ಛೇದ 8. ಇಂದಿನ ಕಪ್ಪುಬಿಳುಪಿನ ಚಿತ್ರದಲ್ಲಿ ಪ್ರತಿಚೌಕಕ್ಕೂ ಸಾಮಾನ್ಯವಾಗಿ ಲಭ್ಯವಿರುವ ಛಾಯೆಗಳು 256. ಅವನ್ನು ಬರೆದಿಡಲು ಯಂತ್ರಕ್ಕೆ ಬೇಕಾಗುವ ದ್ವಿಮಾನ ಅಂಕಗಳೂ ಎಂಟೇ.