ಆಡಿಗೆ ಸಿಕ್ಕ ಕರುಣೆ, ಊರಿಗೆ ಸಿಗದ ನ್ಯಾಯ

ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ಬರೆದ ‘ಮಜೋರ್ಕಾದಲ್ಲೊಂದು ಚಳಿಗಾಲ’ (1842) ಇಡೀ ಓದಿದರೂ ಷೋಪಾನ್ ಎಂಬ ಹೆಸರು ಸಿಗುವುದಿಲ್ಲ. ಆಕೆಯ ಸಂಗಾತಿಯಾಗಿದ್ದ ಆ ಮಹಾನ್ ಸಂಗೀತಗಾರ ಇಲ್ಲಿ ಬರೀ ರೋಗಿ. ಪ್ಯಾರಿಸ್ಸಿನ ಜನರ ಬಾಯಿಂದ ದೂರವಾಗಿ, ಬಿಸಿಲಿಗೆ ಮೈಯೊಡ್ಡಿ, ಹೊಸದಾಗಿ ಬದುಕು ಕಟ್ಟಿಕೊಳ್ಳಲು ಇಬ್ಬರೂ 1838ರ ನವೆಂಬರಿನಲ್ಲಿ ಆಕೆಯ ಇಬ್ಬರು ಮಕ್ಕಳೊಡನೆ ಸ್ಪೇನಿನ ಆ ದ್ವೀಪಕ್ಕೆ ಬಂದರು. ಮಳೆ ಹಿಡಿಯಿತು, ಕೆಮ್ಮು ಹೆಚ್ಚಿತು. ಕ್ಷಯವೆಂಬ ಸುದ್ದಿ ಹಬ್ಬಿದ್ದೇ ತಡ, ಮನೆ ಮಾಲೀಕ ಹೊರಹಾಕಿ, ಗೋಡೆಗಳಿಗೆ ಸುಣ್ಣ ಬಳಿಸುವ ಖರ್ಚನ್ನೂ ಕೇಳಿದ. ಸನ್ಯಾಸಿಗಳು ತೆರವು ಮಾಡಿದ್ದ ವಾಲ್ದೆಮೋಸಾದ ಮಠವೇ ಗತಿಯಾಯಿತು.

ಈ ಮಠದ ಅಧ್ಯಾಯಗಳೇ ಕೃತಿಯ ಜೀವಾಳ. ರೋಗಿಗೆಂದು ತರಿಸಿದ ಹಾಲು ನೀರು ಬೆರೆತು ಬರುತ್ತದೆ. ಆಕೆ ಆಡನ್ನೇ ಕೊಂಡು ಕಟ್ಟಿಕೊಳ್ಳುತ್ತಾಳೆ. ಒಂಟಿಯಾಗಿ ಅದು ಸೊರಗಿತೆಂದು ಜೊತೆಗೊಂದು ಕುರಿಯನ್ನೂ ತರುತ್ತಾಳೆ. ಆರೈಕೆಯ ದಣಿವು, ಪ್ರೀತಿ, ಹಟ ಎಲ್ಲವೂ ಈ ಪುಟ್ಟ ಪ್ರಸಂಗದಲ್ಲಿವೆ, ಎಲ್ಲಿಯೂ ಗೋಳಿಲ್ಲ.

ಆದರೆ ಆಡಿಗೆ ತೋರಿದ ಕರುಣೆಯನ್ನು ಆಕೆ ಊರಿನವರಿಗೆ ತೋರುವುದಿಲ್ಲ. ಅವರು ಕಳ್ಳರು, ಮಂಗಗಳು. ರೋಗ ಅಂಟೀತೆಂಬ ಭಯ ಆಕೆಗೆ ಬರೀ ಮೌಢ್ಯ. ಕ್ಷಯ ವಂಶದಲ್ಲಿ ಬರುವುದೆಂದು ಅಂದಿನ ಫ್ರೆಂಚ್ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ಸ್ಪೇನಿನಲ್ಲಾದರೋ 18ನೇ ಶತಮಾನದಿಂದಲೇ ಕ್ಷಯರೋಗಿಯ ವಸ್ತುಗಳನ್ನು ಸುಡಿಸುವ ಕಟ್ಟಳೆಯಿತ್ತು. 1882ರಲ್ಲಿ ವಿಜ್ಞಾನಿ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ತೋರಿಸಿದ ಮೇಲೆ ಗೆದ್ದದ್ದು ಹಳ್ಳಿಯ ಭಯವೇ. ಷೋಪಾನನನ್ನು ಕಾಡಿದ್ದು ಯಾವ ರೋಗವೆಂಬ ಚರ್ಚೆ ಇಂದಿಗೂ ಇದೆ. ಕ್ಷಯ ಅಂಟುತ್ತದೆ ಎಂಬುದರಲ್ಲಿ ಚರ್ಚೆಯಿಲ್ಲ.

ಹಾಗೆಂದು ಊರಿನವರು ನಡೆದುಕೊಂಡದ್ದೆಲ್ಲ ಸರಿಯಲ್ಲ. ಭಯಕ್ಕೆ ಕಾರಣವಿತ್ತು, ತರಕಾರಿಗೆ ಮನಬಂದಂತೆ ಬೆಲೆ ಹೇಳಿದ್ದಕ್ಕಿರಲಿಲ್ಲ. 1839ರ ಫೆಬ್ರವರಿಯಲ್ಲಿ ಹಂದಿಗಳನ್ನು ಸಾಗಿಸುವ ಹಡಗಿನಲ್ಲೇ ಸ್ಯಾಂಡ್ ಮತ್ತು ಷೋಪಾನ್ ಮರಳಬೇಕಾಯಿತು. ಹೇಗೂ ಸುಡಬೇಕಾದ ಹಾಸಿಗೆಯೆಂದು ಕಪ್ತಾನ ರೋಗಿಗೆ ಅತ್ಯಂತ ಕೆಟ್ಟದ್ದನ್ನೇ ಕೊಟ್ಟ. ಈ ಅವಮಾನದ ಕಾವು ಆಕೆಯ ಗದ್ಯಕ್ಕೆ ಹರಿತ ತಂದಿದೆ, ವಿವೇಕವನ್ನು ಕಸಿದಿದೆ.

ಸಂಗಾತಿಯ ಹೆಸರನ್ನು ಮರೆಮಾಡಿದ್ದು ಸಂಕೋಚವಿರಬಹುದು. ಆದರೆ ಅದರಿಂದ ಕೃತಿಗೆ ನಷ್ಟವೇ ಹೆಚ್ಚು. ಆತನ ನೋವು, ಅದೇ ಚಳಿಯಲ್ಲಿ ಆತ ಪೂರ್ಣಗೊಳಿಸಿದ ‘ಪ್ರಿಲ್ಯೂಡ್’ ಎಂಬ ಪಿಯಾನೊ ರಚನೆಗಳು, ಆತನ ಮಾತು ಯಾವುದೂ ನಮಗೆ ಕೇಳಿಸದು. ಇಬ್ಬರು ಕಟ್ಟಹೊರಟ ಬದುಕಿನ ಕಥೆ ಒಬ್ಬಳ ದೂರಾಗಿ ಉಳಿದುಬಿಡುತ್ತದೆ. ಬಹಳ ಚೆಂದವಾಗಿ ಬರೆದ ದೂರು. ತೀರ್ಪೆಂದು ಮಾತ್ರ ಓದಬಾರದು.