ಪ್ರತಿನಾಯಕನ ಘನತೆ: ಎಸ್. ವಿ. ರಂಗರಾವ್ ಅವರ ಅಭಿನಯ

ಚಲಚ್ಚಿತ್ರದ ವಿಚಾರ ಬಂದಾಗ ನಮ್ಮ ವಿಮರ್ಶೆಯು ನಾಯಕನನ್ನು ಹೊಗಳುತ್ತದೆ, ಇಲ್ಲವೆ ನಿರ್ದೇಶಕನನ್ನು ಹೊಗಳುತ್ತದೆ. ಕಥೆಯ ಭಾರವನ್ನು ಹೊರುವ ಪೋಷಕ ನಟನಿಗೆ ಕೊನೆಯಲ್ಲೊಂದು ವಾಕ್ಯ ದೊರೆತರೆ ಅದೇ ಹೆಚ್ಚು. ತೆಲುಗು ಚಿತ್ರರಂಗದ ಸಾಮರ್ಲ ವೆಂಕಟ ರಂಗರಾವ್ (1918–1974) ಅವರ ವಿಷಯದಲ್ಲಿ ಈ ವಾಡಿಕೆ ಸಲ್ಲದು. ಆಂಧ್ರದ ರಸಿಕರು ಅವರನ್ನು ‘ವಿಶ್ವನಟಚಕ್ರವರ್ತಿ’ ಎಂದು ಕರೆದರು. ಬಿರುದು ಪ್ರೀತಿಯ ಗುರುತು; ಆದರೆ ವಿಮರ್ಶೆಯ ಕೆಲಸ ಅದು ಮುಗಿದಲ್ಲಿಂದ ಆರಂಭವಾಗಬೇಕು.

ಕೃಷ್ಣಾ ಜಿಲ್ಲೆಯ ನೂಜಿವೀಡಿನಲ್ಲಿ ಜನಿಸಿದ ರಂಗರಾವ್ ಪದವೀಧರರು; ಕಾಕಿನಾಡದ ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದವರು; ಕೆಲಕಾಲ ಅಗ್ನಿಶಾಮಕ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. 1947ರ ‘ವರೂಧಿನಿ’ಯಲ್ಲಿ ಅವರು ನಾಯಕನಾಗಿಯೇ ಪ್ರವೇಶಿಸಿದರು. ಕೃಷ್ಣದೇವರಾಯನಿಗೆ ಅಂಕಿತವಾದ ಅಲ್ಲಸಾನಿ ಪೆದ್ದನನ ‘ಮನುಚರಿತ್ರ’ದ ಪ್ರವರನ ಪಾತ್ರವದು. ಚಿತ್ರ ಸೋತಿತು. ಆ ಸೋಲು ಅವರನ್ನು ನಾಯಕಪದವಿಯಿಂದ ದೂರ ಮಾಡಿತು. ತೆಲುಗು ಚಿತ್ರಕ್ಕೆ ಮಾತ್ರ ಅದು ಲಾಭವಾಯಿತು. 1950ರ ‘ಷಾವುಕಾರು’ವಿನ ಸುನ್ನಪು ರಂಗಡು, 1951ರ ‘ಪಾತಾಳಭೈರವಿ’ಯ ನೇಪಾಳ ಮಾಂತ್ರಿಕ, ಈ ಎರಡು ಪಾತ್ರಗಳಿಂದ ಅವರ ಸ್ಥಾನ ಸ್ಥಿರವಾಯಿತು.

ಈ ನಟನ ವೈಶಿಷ್ಟ್ಯವೇನು? ಎತ್ತರದ ನಿಲುವು, ಗಂಭೀರ ಕಂಠ ಎಂದು ಹೇಳಿ ಸುಮ್ಮನಾಗುವವರು ಆಂಗಿಕ ವಾಚಿಕಗಳ ಹೊರಬಾಗಿಲಲ್ಲೇ ನಿಲ್ಲುತ್ತಾರೆ. ಪ್ರತಿನಾಯಕನಿಗೆ ಅವನದೇ ಆದ ಒಂದು ನ್ಯಾಯವಿದೆಯೆಂದು ನಂಬಿ ನಟಿಸಿದ್ದೇ ರಂಗರಾಯರ ನಿಜವಾದ ಸಾಧನೆ. ಪಂಪನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿದ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಎದುರಾಳಿ ಕುಬ್ಜನಾದರೆ ಗೆದ್ದವನೂ ಕುಬ್ಜನೇ.

1963ರ ‘ನರ್ತನಶಾಲ’ ಇದಕ್ಕೆ ಉತ್ತಮ ನಿದರ್ಶನ. ಕೀಚಕನ ಕಥೆ ನಮಗೆ ಕುಮಾರವ್ಯಾಸನ ವಿರಾಟಪರ್ವದಿಂದಲೂ ಯಕ್ಷಗಾನ ಪ್ರಸಂಗದಿಂದಲೂ ಪರಿಚಿತ. ಅಕ್ಕನಾದ ಸುದೇಷ್ಣೆಯ ಬುದ್ಧಿವಾದವನ್ನೂ ಕೇಳದ ಕಾಮಾಂಧನ ಪಾತ್ರವಿದು. ಅಬ್ಬರಕ್ಕೂ ಹಾಸ್ಯಕ್ಕೂ ಜಾರುವುದು ಬಹು ಸುಲಭ. ರಂಗರಾವ್ ಎರಡಕ್ಕೂ ಜಾರಲಿಲ್ಲ. ಅವರ ಕೀಚಕ ‘ಇಲ್ಲ’ ಎಂಬ ಮಾತನ್ನು ಎಂದೂ ಕೇಳಿ ಅರಿಯದ ಸೇನಾಪತಿ. ಸಾವಿತ್ರಿಯವರ ಸೈರಂಧ್ರಿಯನ್ನು ಅವನು ಮೊದಲು ಕಣ್ಣಿನಿಂದ ಅಳೆಯುತ್ತಾನೆ; ಮಾತು ಆಮೇಲೆ ಬರುತ್ತದೆ. ರಾಜ್ಯವೇ ತನ್ನ ತೋಳಿನ ಆಸರೆಯಲ್ಲಿದೆಯೆಂಬ ದರ್ಪ ನಡಿಗೆಯಲ್ಲೇ ತಿಳಿಯುತ್ತದೆ. ಪ್ರೇಕ್ಷಕ ಅವನನ್ನು ದ್ವೇಷಿಸುತ್ತಾನೆ, ಆದರೆ ಕ್ಷುದ್ರನೆಂದು ಎಣಿಸಲಾರ. 1964ರಲ್ಲಿ ಜಕಾರ್ತದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿ ದೊರೆತದ್ದು ಈ ಪಾತ್ರಕ್ಕೆ. ನಾಯಕನಲ್ಲದವನಿಗೆ ಆ ಮನ್ನಣೆ ಸಂದಿತೆಂಬುದು ಚಿಂತನಾರ್ಹ.

1957ರ ‘ಮಾಯಾಬಜಾರ್’ ಚಿತ್ರದ ಘಟೋತ್ಕಚ ಇನ್ನೊಂದು ಬಗೆಯ ಸೃಷ್ಟಿ. ವ್ಯಾಸಭಾರತದಲ್ಲಿಲ್ಲದ ಈ ಕಥೆಗೆ ನಮ್ಮ ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ ಸಮೀಪದ ಬಂಧು. ಯಕ್ಷಗಾನದ ಬಣ್ಣದ ವೇಷ ರಾಕ್ಷಸನ ಭೀಕರತೆಯನ್ನು ಮೊದಲು ಸ್ಥಾಪಿಸುತ್ತದೆ. ರಂಗರಾವ್ ಆ ಭೀಕರತೆಯೊಳಗೆ ಒಂದು ಮಗುವನ್ನು ಕೂರಿಸಿದರು. ತಾಯಿಯ ಮಾತಿಗೆ ತಲೆಬಾಗುವ, ಊಟಕ್ಕೆ ಹಿಗ್ಗುವ ರಾಕ್ಷಸ ಅವನು. ಪಿಂಗಳಿ ನಾಗೇಂದ್ರರಾಯರು ಟಂಕಿಸಿದ ಹೊಸ ಪದಗಳು ಅವನ ಬಳಗದಲ್ಲಿ ಕೃತಕವೆನಿಸುವುದಿಲ್ಲ. ಚಿತ್ರದ ಉತ್ತರಾರ್ಧದಲ್ಲಿ ಘಟೋತ್ಕಚ ಶಶಿರೇಖೆಯ ವೇಷ ತಾಳುತ್ತಾನೆ. ತೆರೆಯ ಮೇಲಿರುವವರು ಸಾವಿತ್ರಿ. ಆದರೂ ಆ ಹೆಜ್ಜೆ, ಆ ಹುಬ್ಬು, ಆ ಠೀವಿಗಳಲ್ಲಿ ಪ್ರೇಕ್ಷಕ ಕಾಣುವುದು ರಂಗರಾಯರನ್ನು. ತಾನು ತೆರೆಯ ಮೇಲೆ ಇಲ್ಲದಾಗಲೂ ಮತ್ತೊಬ್ಬರ ಶರೀರದಲ್ಲಿ ಗುರುತು ಸಿಗುವಷ್ಟು ಖಚಿತವಾದ ಅಭಿನಯ ಎಷ್ಟು ನಟರಿಗೆ ಸಾಧ್ಯ? ಇದರಲ್ಲಿ ಸಾವಿತ್ರಿಯವರ ಪ್ರತಿಭೆಯ ಪಾಲೂ ಸಮನಾಗಿದೆ.

ಇದೆಲ್ಲ ರಂಗಭೂಮಿಯ ಅಭಿನಯವೇ, ಕ್ಯಾಮೆರಾಕ್ಕೆ ಅತಿಯಾಯಿತು ಎಂಬ ಆಕ್ಷೇಪ ಏಳಬಹುದು. ಪೌರಾಣಿಕ ಚಿತ್ರಗಳನ್ನಷ್ಟೇ ನೋಡಿದವರಿಗೆ ಅದು ಸಹಜ. ಅದಕ್ಕೆ ಉತ್ತರ 1955ರ ‘ಬಂಗಾರು ಪಾಪ’. ಜಾರ್ಜ್ ಎಲಿಯಟ್‌ಳ ‘ಸೈಲಸ್ ಮಾರ್ನರ್’ ಕಾದಂಬರಿಯನ್ನು ಆಧರಿಸಿ ಬಿ. ಎನ್. ರೆಡ್ಡಿಯವರು ನಿರ್ಮಿಸಿದ ಈ ಚಿತ್ರದಲ್ಲಿ ರಂಗರಾವ್ ಒರಟ ಕೋಟಯ್ಯ. ಅನಾಥ ಶಿಶುವೊಂದು ಕೈಗೆ ಬಂದ ಮೇಲೆ ಆ ಒರಟುತನ ಮೆಲ್ಲಮೆಲ್ಲನೆ ಕರಗುತ್ತದೆ. ಇಲ್ಲಿ ಕಿರೀಟವಿಲ್ಲ, ಗದೆಯಿಲ್ಲ, ದೀರ್ಘ ಸಂಭಾಷಣೆಯ ಆಸರೆಯೂ ಕಡಮೆ, ಉಳಿದಿರುವುದು ಸಾತ್ತ್ವಿಕವೊಂದೇ. 1967ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು ಭಯಂಕರನಾಗಿಯೂ ಕರುಣೆ ಹುಟ್ಟಿಸುವುದಕ್ಕೆ ಕಾರಣ, ಆ ದೈತ್ಯನ ಹಿಂದೆ ಈ ಕೋಟಯ್ಯನಿರುವುದು. ಮಗನನ್ನು ಕೊಲ್ಲಿಸ ಹೊರಟವನು ತಂದೆಯೇ ಎಂಬುದನ್ನು ಅವರು ಮರೆಯಗೊಡುವುದಿಲ್ಲ.

ಈ ಪ್ರತಿಭೆಗೆ ಉದ್ಯಮವು ಪೂರ್ಣ ನ್ಯಾಯ ಒದಗಿಸಿತೆನ್ನಲಾಗದು. ಎನ್. ಟಿ. ರಾಮರಾಯರಿಗಿಂತ ರಂಗರಾವ್ ಕೇವಲ ಐದು ವರ್ಷ ಹಿರಿಯರು. ನಲವತ್ತು ತುಂಬುವ ಮೊದಲೇ, ‘ಮಿಸ್ಸಮ್ಮ’ದಲ್ಲಿ (1955), ಅವರು ಸಾವಿತ್ರಿಯ ತಂದೆಯಾದರು. ಮುಂದಿನ ಸಾಮಾಜಿಕ ಚಿತ್ರಗಳಲ್ಲಿ ಮನೆಯ ಯಜಮಾನ, ಸಿರಿವಂತ ತಂದೆ, ತಾತ ಎಂಬ ಅಚ್ಚಿನಲ್ಲೇ ಅವರನ್ನು ಮತ್ತೆ ಮತ್ತೆ ಎರೆಯಲಾಯಿತು. ಅಂತಹ ಕೆಲವು ಪಾತ್ರಗಳಲ್ಲಿ ಅಭ್ಯಾಸಬಲವು ಸ್ಫೂರ್ತಿಯ ಸ್ಥಾನವನ್ನು ಆಕ್ರಮಿಸಿದ್ದೂ ಉಂಟು. ‘ಚದರಂಗಂ’ (1967), ‘ಬಾಂಧವ್ಯಾಲು’ (1968) ಚಿತ್ರಗಳನ್ನು ಸ್ವತಃ ನಿರ್ದೇಶಿಸಿದ್ದು ಆ ಅಚ್ಚಿನಿಂದ ಹೊರಬರುವ ಯತ್ನವೆಂದು ತಿಳಿಯಬಹುದು. ಎರಡನೆಯದಕ್ಕೆ ಆಂಧ್ರ ಸರ್ಕಾರದ ನಂದಿ ಪ್ರಶಸ್ತಿಯೂ ಬಂದಿತು. ಆದರೆ 1974ರ ಜುಲೈ 18ರಂದು, ಐವತ್ತಾರನೆಯ ವಯಸ್ಸಿಗೆ, ಮದರಾಸಿನಲ್ಲಿ ಅವರು ತೀರಿಕೊಂಡರು.

2013ರಲ್ಲಿ, ಭಾರತೀಯ ಚಲಚ್ಚಿತ್ರದ ಶತಮಾನೋತ್ಸವದಂದು, ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಪ್ರಕಟಿಸಿತು. ಅದು ರಾಷ್ಟ್ರ ಸಲ್ಲಿಸಿದ ಗೌರವ. ವಿಮರ್ಶೆ ಸಲ್ಲಿಸಬೇಕಾದ ಗೌರವ ಬೇರೆ: ನಾಯಕನ ಗೆಲುವಿನ ಲೆಕ್ಕ ಬರೆಯುವಾಗ, ಆ ಗೆಲುವಿಗೆ ಬೆಲೆ ತಂದುಕೊಟ್ಟವನ ಹೆಸರನ್ನೂ ಅದೇ ಪುಟದಲ್ಲಿ ಬರೆಯುವುದು.